ಟಕ್, ಟಕ್, ಟಟಟರ್ರ್: ಪುಟಿಯುವ ಚೆಂಡಿನ ಗುಣೋತ್ತರ ಶ್ರೇಢಿ

ಟೇಬಲ್ ಟೆನಿಸ್ ಚೆಂಡನ್ನು ಒಂದಡಿ ಎತ್ತರದಿಂದ ಗಟ್ಟಿ ನೆಲದ ಮೇಲೆ ಬಿಟ್ಟು ಕಣ್ಣು ಮುಚ್ಚಿ ಕೇಳಿ. ಟಕ್. ಟಕ್. ಮೊದಮೊದಲು ಎಣಿಸಲು ಪುರುಸೊತ್ತು ಇರುತ್ತದೆ. ಆಮೇಲೆ ಸದ್ದುಗಳು ಒಂದರ ಬೆನ್ನಿಗೆ ಒಂದು ಬೀಳತೊಡಗುತ್ತವೆ, ಎಣಿಕೆ ತಪ್ಪುತ್ತದೆ, ಕೊನೆಗೆ ಟರ್ರ್ ಎಂದು ಒಂದೇ ಎಳೆಯಾಗಿ ಏರಿ ಥಟ್ಟನೆ ನಿಲ್ಲುತ್ತದೆ. ಇಷ್ಟಕ್ಕೆಲ್ಲ ನಾಲ್ಕೈದು ಸೆಕೆಂಡು. ಆ ಸದ್ದನ್ನು ಮೊಬೈಲಿನಲ್ಲಿ ಹಿಡಿದಿಟ್ಟುಕೊಂಡರೆ ಚೆಂಡು ಎಷ್ಟೆಷ್ಟು ಎತ್ತರಕ್ಕೆ ಹೋಯಿತು, ಪ್ರತಿ ಬಡಿತಕ್ಕೂ ಎಷ್ಟು ಶಕ್ತಿ ಕಳೆದುಕೊಂಡಿತು ಎಂಬುದೆಲ್ಲ ಅಳತೆಪಟ್ಟಿ ಮುಟ್ಟದೆಯೇ ಸಿಗುತ್ತದೆ.

ಶಾಲೆಯಲ್ಲಿ ಗುಣೋತ್ತರ ಶ್ರೇಢಿಯ ಪಾಠಕ್ಕೆ ಈ ಚೆಂಡು ತಪ್ಪದೆ ಬರುತ್ತದೆ. ಪ್ರತಿ ಸಲವೂ ಹಿಂದಿನ ಎತ್ತರದ ಮುಕ್ಕಾಲು ಭಾಗಕ್ಕೆ ಪುಟಿಯುವ ಚೆಂಡು ನಿಲ್ಲುವ ಹೊತ್ತಿಗೆ ಒಟ್ಟು ಎಷ್ಟು ದೂರ ಸಾಗಿರುತ್ತದೆ ಎಂಬ ಲೆಕ್ಕ. ಸೂತ್ರಕ್ಕೆ ಹಾಕಿ ಉತ್ತರ ಬರೆದರೆ ಅಂಕ ಸಿಗುತ್ತದೆ. ಆ ಮುಕ್ಕಾಲು ಎಲ್ಲಿಂದ ಬಂತು, ಎಲ್ಲ ಪುಟಿತಕ್ಕೂ ಅದೇ ಅನುಪಾತ ಏಕೆ, ನಿಜವಾದ ಚೆಂಡು ಆ ಮಾತು ಉಳಿಸಿಕೊಳ್ಳುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. ನನ್ನ ಮಟ್ಟಿಗೆ ಇಡೀ ಲೆಕ್ಕದ ರುಚಿ ಇರುವುದೇ ಆ ಮೂರು ಪ್ರಶ್ನೆಗಳಲ್ಲಿ.

ಒಂದು ಗುಣಾಂಕ, ಎರಡು ಅನುಪಾತ

ಚೆಂಡು ನೆಲ ಮುಟ್ಟುವ ಗಳಿಗೆಯಲ್ಲಿ ಅದಕ್ಕೊಂದು ವೇಗ ಇರುತ್ತದೆ. ನೆಲ ಬಿಟ್ಟು ಮೇಲೇಳುವಾಗ ಇನ್ನೊಂದು ವೇಗ, ಮೊದಲಿನದಕ್ಕಿಂತ ಕಡಿಮೆ. ಮೇಲೇಳುವ ವೇಗವನ್ನು ಬಿದ್ದ ವೇಗದಿಂದ ಭಾಗಿಸಿದರೆ ಬರುವ ಸಂಖ್ಯೆಯನ್ನು ಪುಟಿತದ ಗುಣಾಂಕ ಎನ್ನೋಣ. ಪದವಿ ತರಗತಿಗಳಲ್ಲಿ ಕೋಎಫಿಶಿಯೆಂಟ್ ಆಫ್ ರೆಸ್ಟಿಟ್ಯೂಶನ್ ಎಂದು ಹೇಳಿಕೊಡುವುದು ಇದನ್ನೇ. ಬರಹದುದ್ದಕ್ಕೂ ಅದಕ್ಕೆ ‘ಗ’ ಎಂಬ ಒಂದೇ ಅಕ್ಷರ ಸಾಕು.

ಎರಡು ವಸ್ತುಗಳು ಡಿಕ್ಕಿ ಹೊಡೆದಾಗ ಈ ಅನುಪಾತ ವೇಗ ಎಷ್ಟಿದ್ದರೂ ಹೆಚ್ಚುಕಡಿಮೆ ಒಂದೇ ಇರುತ್ತದೆ ಎಂಬುದು ನ್ಯೂಟನ್ ಲೋಲಕಗಳನ್ನು ಒಂದಕ್ಕೊಂದು ಡಿಕ್ಕಿ ಹೊಡೆಸಿ ಕಂಡುಕೊಂಡ ಸಂಗತಿ. 1687ರ ಪ್ರಿನ್ಸಿಪಿಯಾದಲ್ಲಿ ಉಣ್ಣೆಯ ಉಂಡೆಗಳಿಗೆ 5ಕ್ಕೆ 9, ಗಾಜಿನ ಗುಂಡುಗಳಿಗೆ 15ಕ್ಕೆ 16 ಎಂಬ ಅಳತೆಗಳಿವೆ. ಇದು ಪ್ರಯೋಗದಿಂದ ಬಂದ ನಿಯಮ. ಚಲನೆಯ ಮೂರು ನಿಯಮಗಳಿಂದ ಇದನ್ನು ಹೊರಡಿಸಲಾಗದು. ಈ ಮಾತು ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ಮೇಲೇಳುವ ಚೆಂಡು ಎಷ್ಟು ಹೊತ್ತು ಗಾಳಿಯಲ್ಲಿರುತ್ತದೆ ಎಂಬುದು ವೇಗಕ್ಕೆ ನೇರ ಅನುಪಾತದಲ್ಲಿದೆ. ಎಷ್ಟು ಎತ್ತರ ಹೋಗುತ್ತದೆ ಎಂಬುದು ವೇಗದ ವರ್ಗಕ್ಕೆ ಅನುಪಾತದಲ್ಲಿದೆ. ಹಾಗಾಗಿ ಪ್ರತಿ ಬಡಿತಕ್ಕೆ ವೇಗ ‘ಗ’ ಪಟ್ಟು ಇಳಿದರೆ ಗಾಳಿಯಲ್ಲಿರುವ ಕಾಲವೂ ‘ಗ’ ಪಟ್ಟು ಇಳಿಯುತ್ತದೆ, ಎತ್ತರ ಮಾತ್ರ ‘ಗ²’ ಪಟ್ಟು ಇಳಿಯುತ್ತದೆ. ಚಲನ ಶಕ್ತಿಯದೂ ಎತ್ತರದ ದಾರಿಯೇ. ವಿದ್ಯಾರ್ಥಿಗಳು ಮೊದಲು ಎಡವುವುದು ಇಲ್ಲಿ. ಎತ್ತರ ಮುಕ್ಕಾಲಾಯಿತು ಎಂದ ಕೂಡಲೇ ಕಾಲವನ್ನೂ ಮುಕ್ಕಾಲು ಮಾಡಿಬಿಡುತ್ತಾರೆ. ಕಾಲದ ಅನುಪಾತ 0.75ರ ವರ್ಗಮೂಲ, ಅಂದರೆ 0.866. ಒಟ್ಟು ಕಾಲ ಹುಡುಕುವಾಗ ಈ ವ್ಯತ್ಯಾಸ ಉತ್ತರವನ್ನು ಅರ್ಧದಷ್ಟು ಕೆಡಿಸಬಲ್ಲದು.

ಸಂಖ್ಯೆ ಹಾಕಿ ನೋಡೋಣ. ಟೇಬಲ್ ಟೆನಿಸ್ ನಿಯಮಾವಳಿಯಲ್ಲಿ ಮೇಜಿಗೆ ಒಂದು ಷರತ್ತಿದೆ: 30 ಸೆಂ.ಮೀ. ಎತ್ತರದಿಂದ ಬಿಟ್ಟ ಚೆಂಡು ಸುಮಾರು 23 ಸೆಂ.ಮೀ. ಪುಟಿಯಬೇಕು. ಹಾಗಾದರೆ ಎತ್ತರದ ಅನುಪಾತ 23/30, ಅಂದರೆ 0.767. ‘ಗ’ ಅದರ ವರ್ಗಮೂಲ, 0.876. ಎತ್ತರಗಳು ಸೆಂಟಿಮೀಟರಿನಲ್ಲಿ ಹೀಗೆ ಇಳಿಯುತ್ತವೆ: 30, 23, 17.6, 13.5, 10.4, 7.9, 6.1, 4.7, 3.6... ಒಂದು ಬಡಿತದಿಂದ ಮುಂದಿನ ಬಡಿತದವರೆಗಿನ ಕಾಲ ಸೆಕೆಂಡಿನಲ್ಲಿ ಹೀಗೆ: 0.434, 0.380, 0.333, 0.291, 0.255, 0.223, 0.195...

ಇಲ್ಲಿ ಗುರುತ್ವ ವೇಗೋತ್ಕರ್ಷಕ್ಕೆ 9.78 ಬಳಸಿದ್ದೇನೆ. ಪುಸ್ತಕದ 9.8 ಅಥವಾ 9.81 ಬಳಸಿದರೂ ಅನಾಹುತವೇನಿಲ್ಲ. ಆದರೆ 9.81 ಎಂಬುದು ಯುರೋಪಿನ ಅಕ್ಷಾಂಶಗಳ ಬೆಲೆ. ಭೂಮಧ್ಯರೇಖೆಯಿಂದ 13 ಡಿಗ್ರಿಯಲ್ಲಿರುವ ಬೆಂಗಳೂರು, ಮಂಗಳೂರುಗಳಿಗೆ 9.78 ಸರಿಯಾದದ್ದು.

ಸಂಕಲನದಲ್ಲಿ ತಪ್ಪುವ ಜಾಗ

ಒಟ್ಟು ದೂರ ಕೇಳಿದಾಗ ಅನಂತ ಗುಣೋತ್ತರ ಶ್ರೇಢಿಯ ಮೊತ್ತದ ಸೂತ್ರಕ್ಕೆ, ಅಂದರೆ ಮೊದಲ ಪದ ಭಾಗಿಸು (1 − ಅನುಪಾತ), ಮೊದಲ ಪದವಾಗಿ 30 ಹಾಕಿದರೆ 128.6 ಸೆಂ.ಮೀ. ಬರುತ್ತದೆ. ಇದು ತಪ್ಪು. 30 ಸೆಂ.ಮೀ. ದಾರಿಯನ್ನು ಚೆಂಡು ಒಂದೇ ಸಲ, ಇಳಿಯುವಾಗ ಮಾತ್ರ ಸವೆಸುತ್ತದೆ. 23 ಸೆಂ.ಮೀ. ದಾರಿಯನ್ನು ಹತ್ತಿ ಇಳಿದು ಎರಡು ಸಲ ಸವೆಸುತ್ತದೆ. ಆದ್ದರಿಂದ 30 ಅನ್ನು ಪಕ್ಕಕ್ಕಿಟ್ಟು, 23ರಿಂದ ಶುರುವಾಗುವ ಶ್ರೇಢಿಯ ಮೊತ್ತವನ್ನು ಎರಡರಿಂದ ಗುಣಿಸಿ, ಆಮೇಲೆ 30 ಕೂಡಿಸಬೇಕು. 46 ಭಾಗಿಸು 0.2333 ಎಂದರೆ 197.1, ಅದಕ್ಕೆ 30 ಸೇರಿದರೆ 227.1 ಸೆಂ.ಮೀ. ಒಂದಡಿಯಿಂದ ಬಿಟ್ಟ ಚೆಂಡು ಏಳೂವರೆ ಅಡಿ ಓಡಾಡಿ ನಿಲ್ಲುತ್ತದೆ. ನೇರ ಸೂತ್ರ ಬೇಕೆನ್ನುವವರಿಗೆ: ಒಟ್ಟು ದೂರ = ಎತ್ತರ × (1 + ಗ²) ÷ (1 − ಗ²).

ಕಾಲಕ್ಕೂ ಇದೇ ಕ್ರಮ. ಮೊದಲ ಬೀಳು 0.248 ಸೆಕೆಂಡು. ಅದರ ಮೇಲೆ 0.434ರಿಂದ ಶುರುವಾಗುವ, ‘ಗ’ ಅನುಪಾತದ ಶ್ರೇಢಿಯ ಮೊತ್ತ 3.487. ಒಟ್ಟು 3.73 ಸೆಕೆಂಡು. ಸೂತ್ರವಾಗಿ: ಒಟ್ಟು ಕಾಲ = ಮೊದಲ ಬೀಳಿನ ಕಾಲ × (1 + ಗ) ÷ (1 − ಗ). ಎರಡೂ ಸೂತ್ರಗಳ ಮೈಕಟ್ಟು ಒಂದೇ, ದೂರದಲ್ಲಿ ‘ಗ²’ ಇರುವ ಕಡೆ ಕಾಲದಲ್ಲಿ ‘ಗ’ ಇದೆ ಅಷ್ಟೆ.

ಶಕ್ತಿಯಿಂದ ಲೆಕ್ಕ ತಾಳೆ ನೋಡುವುದು ಒಳ್ಳೆಯ ಅಭ್ಯಾಸ. 2.7 ಗ್ರಾಂ ಚೆಂಡಿಗೆ 30 ಸೆಂ.ಮೀ. ಎತ್ತರದಲ್ಲಿ 7.92 ಮಿಲಿಜೂಲ್ ಪ್ರಚ್ಛನ್ನ ಶಕ್ತಿ ಇರುತ್ತದೆ. ಮೊದಲ ಸುತ್ತಿನಲ್ಲಿ 1.85 ಮಿಲಿಜೂಲ್ ಹೋಗುತ್ತದೆ, ಮುಂದಿನ ಪ್ರತಿ ನಷ್ಟವೂ ಹಿಂದಿನದರ 0.767 ಪಟ್ಟು. ಈ ನಷ್ಟಗಳನ್ನೆಲ್ಲ ಕೂಡಿಸಿದರೆ 1.85 ಭಾಗಿಸು 0.2333, ಮತ್ತೆ 7.92ಕ್ಕೇ ಬಂದು ನಿಲ್ಲುತ್ತದೆ. ತಾಳೆಯಾಗದಿದ್ದರೆ ಅನುಪಾತದ ಘಾತವನ್ನು ಎಲ್ಲೋ ತಪ್ಪಾಗಿ ಹಾಕಿದ್ದೀರಿ ಎಂದರ್ಥ. ಸಾಮಾನ್ಯವಾಗಿ ಆಗುವ ತಪ್ಪು ಇದು: ಶ್ರೇಢಿಯ ಸೂತ್ರದಲ್ಲಿ ಘಾತ (ಪದಗಳ ಸಂಖ್ಯೆ − 1). ಬಿಟ್ಟ ಎತ್ತರವೇ ಒಂದನೇ ಪದವಾದ್ದರಿಂದ ಐದನೇ ಪುಟಿತದ ಎತ್ತರ ಶ್ರೇಢಿಯ ಆರನೇ ಪದ. ಪುಟಿತದ ಎಣಿಕೆ ಬೇರೆ, ಪದದ ಎಣಿಕೆ ಬೇರೆ.

ಕನ್ನಡ ನಾಡಿನ ಮಟ್ಟಿಗೆ ಇಲ್ಲಿ ಒಂದು ಹಳೆಯ ಹೆಸರು ನೆನೆಯಲೇಬೇಕು. ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ, ಒಂಬತ್ತನೇ ಶತಮಾನದ ಮಹಾವೀರಾಚಾರ್ಯ ತನ್ನ ಗಣಿತಸಾರಸಂಗ್ರಹದಲ್ಲಿ ಈ ಮೊತ್ತಕ್ಕೆ ‘ಗುಣಸಂಕಲಿತ’ ಎನ್ನುತ್ತಾನೆ. ಪದಗಳೆಷ್ಟೋ ಅಷ್ಟು ಸಲ ಅನುಪಾತವನ್ನು ಗುಣಿಸಿ ಮೊದಲ ಪದಕ್ಕೆ ಹಚ್ಚಿದರೆ ‘ಗುಣಧನ’. ಅದರಲ್ಲಿ ಮೊದಲ ಪದ ಕಳೆದು, ಒಂದು ಕಡಿಮೆಯಾದ ಅನುಪಾತದಿಂದ ಭಾಗಿಸಿದರೆ ಗುಣಸಂಕಲಿತ. ಇವತ್ತಿನ ಪಠ್ಯಪುಸ್ತಕದ ಸೂತ್ರವೂ ಇದೇ. ಮೊದಲ ಹತ್ತು ಪುಟಿತಗಳ ದೂರ ಮಾತ್ರ ಸಾಕು ಎಂದರೆ ಆ ಸೂತ್ರವನ್ನು ಹಾಗೆಯೇ ಬಳಸಬಹುದು. ಅನಂತ ಪದಗಳಿಗೆ ಹೋದಾಗ ಒಂದಕ್ಕಿಂತ ಕಡಿಮೆಯ ಅನುಪಾತದ ಗುಣಧನ ಸೊನ್ನೆಗೆ ಇಳಿಯುತ್ತದೆ, ಉಳಿಯುವುದೇ ನಮ್ಮ ಚಿಕ್ಕ ಸೂತ್ರ. ಕಾಲುಭಾಗ, ಅದರ ಕಾಲುಭಾಗ, ಮತ್ತದರ ಕಾಲುಭಾಗ ಎಂದು ಕೊನೆಯಿಲ್ಲದೆ ಕೂಡಿಸುತ್ತ ಹೋದರೆ ಮೂರನೇ ಒಂದು ಭಾಗ ಆಗುತ್ತದೆ ಎಂಬ ಚರ್ಚೆ ಮುಂದೆ ಕೇರಳದ ನೀಲಕಂಠ ಸೋಮಯಾಜಿಯ ಆರ್ಯಭಟೀಯ ಭಾಷ್ಯದಲ್ಲಿ ಸಿಗುತ್ತದೆ.

ಸದ್ದಿನಿಂದ ಅಳೆಯುವುದು

ಪುಟಿದ ಎತ್ತರವನ್ನು ಸ್ಕೇಲು ಹಿಡಿದು ಕಣ್ಣಳತೆಯಲ್ಲಿ ಓದಿದರೆ ಒಂದು ಸೆಂಟಿಮೀಟರ್ ಆಚೀಚೆ ಆಗಿಯೇ ಆಗುತ್ತದೆ. 23ರಲ್ಲಿ 1 ಎಂದರೆ ಶೇಕಡಾ 4ಕ್ಕಿಂತ ಹೆಚ್ಚು. ನಾಲ್ಕನೇ ಪುಟಿತಕ್ಕೆ ಬರುವಷ್ಟರಲ್ಲಿ ಶೇಕಡಾ 10. ವಿಡಿಯೊ ಮಾಡಿ ಒಂದೊಂದೇ ಚೌಕಟ್ಟು ನಿಲ್ಲಿಸಿ ನೋಡುವುದು ಅದಕ್ಕಿಂತ ಎಷ್ಟೋ ವಾಸಿ. ಸ್ಲೋಮೋಷನ್ನೇ ಬೇಕೆಂದಿಲ್ಲ. ತುತ್ತತುದಿಯಲ್ಲಿ ಚೆಂಡು ತೀರಾ ನಿಧಾನವಾಗಿರುತ್ತದೆ. ಸೆಕೆಂಡಿಗೆ 30 ಚೌಕಟ್ಟಿನ ಮಾಮೂಲಿ ವಿಡಿಯೊದಲ್ಲಿ ತುದಿ ತಪ್ಪಿಹೋದರೂ ವ್ಯತ್ಯಾಸ ಒಂದೂವರೆ ಮಿಲಿಮೀಟರ್ ದಾಟುವುದಿಲ್ಲ. ಅದಕ್ಕಿಂತ ದೊಡ್ಡ ಕಳ್ಳ ಕ್ಯಾಮೆರಾದ ಕೋನ. ಕ್ಯಾಮೆರಾ ಒಂದು ಮೀಟರ್ ದೂರದಲ್ಲಿ, 30 ಸೆಂ.ಮೀ. ಎತ್ತರದಲ್ಲಿದ್ದು, ಸ್ಕೇಲು ಚೆಂಡಿಗಿಂತ 10 ಸೆಂ.ಮೀ. ಹಿಂದೆ ಗೋಡೆಗೆ ಅಂಟಿದ್ದರೆ 23 ಎಂದು ಕಾಣಬೇಕಾದದ್ದು 22.3 ಎಂದು ಕಾಣುತ್ತದೆ. ಚೆಂಡು ಗೋಡೆಗೆ ಎಷ್ಟು ಹತ್ತಿರ ಬಿದ್ದರೆ ಅಷ್ಟು ಒಳ್ಳೆಯದು.

ಸದ್ದಿನ ದಾರಿಯಲ್ಲಿ ಈ ತೊಡಕು ಯಾವುದೂ ಇಲ್ಲ. ಮೊಬೈಲಿನ ಮೈಕು ಸೆಕೆಂಡಿಗೆ 44,100 ಸಲ ಅಥವಾ ಅದಕ್ಕಿಂತ ಹೆಚ್ಚು ಸಲ ಸದ್ದನ್ನು ಅಳೆಯುತ್ತದೆ, ಅಂದರೆ ಎರಡು ಅಳತೆಗಳ ನಡುವೆ 0.023 ಮಿಲಿಸೆಕೆಂಡು. ಚೆಂಡು ಪುಟಿಯುತ್ತ ಮೊಬೈಲಿನಿಂದ 10 ಸೆಂ.ಮೀ. ದೂರ ಸರಿದರೂ ಸದ್ದು ತಲುಪುವುದು 0.3 ಮಿಲಿಸೆಕೆಂಡು ಮಾತ್ರ ತಡ.

ಮಾಡುವ ಕ್ರಮ ಹೀಗೆ. ಫ್ಯಾನು ನಿಲ್ಲಿಸಿ. ಇದು ಸದ್ದಿಗಾಗಿ ಅಷ್ಟೇ ಅಲ್ಲ, 2.7 ಗ್ರಾಂ ಚೆಂಡನ್ನು ಸೀಲಿಂಗ್ ಫ್ಯಾನಿನ ಗಾಳಿ ಪಕ್ಕಕ್ಕೆ ತಳ್ಳುತ್ತದೆ. ನೆಲ ಗ್ರಾನೈಟ್, ಕಡಪಾ ಕಲ್ಲು, ರೆಡ್ ಆಕ್ಸೈಡ್ ಯಾವುದಾದರೂ ಆಗಬಹುದು, ಒಟ್ಟಿನಲ್ಲಿ ಗಟ್ಟಿಯಾಗಿರಬೇಕು. ಟೈಲ್ಸ್ ಆದರೆ ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಕೆಳಗೆ ಸಿಮೆಂಟು ಸರಿಯಾಗಿ ಕೂರದ ಕಡೆ ಟೊಳ್ಳು ಸದ್ದು ಬರುತ್ತದೆ. ಅಂಥ ಟೈಲ್ಸ್ ತಾನೇ ಕಂಪಿಸಿ ಶಕ್ತಿ ನುಂಗುತ್ತದೆ, ಅದರ ನಡುವಿನಲ್ಲೂ ಅಂಚಿನಲ್ಲೂ ‘ಗ’ ಬೇರೆಬೇರೆ ಬರುತ್ತದೆ. ಗುಣಾಂಕ ಚೆಂಡೊಂದರದೇ ಅಲ್ಲ, ಚೆಂಡು ಮತ್ತು ನೆಲದ ಜೋಡಿಯದು. ಚಾಪೆ ಹಾಸಿದ ಮೇಲೆ ಬಿಡಿ, ಅದೇ ಚೆಂಡು ಬೇರೆ ಸಂಖ್ಯೆ ಕೊಡುತ್ತದೆ.

ಮೊಬೈಲನ್ನು ಚೆಂಡು ಬೀಳುವ ಜಾಗದಿಂದ ಒಂದಡಿ ದೂರದಲ್ಲಿ ಮಡಿಸಿದ ಟವೆಲ್ಲಿನ ಮೇಲಿಡಿ. ಬರಿ ನೆಲದ ಮೇಲಿಟ್ಟರೆ ಪ್ರತಿ ಬಡಿತದ ಕಂಪನ ಮೊಬೈಲಿನ ಮೈಗೆ ಹತ್ತಿ ಸದ್ದಿನ ಬಾಲ ಉದ್ದವಾಗುತ್ತದೆ, ಕೊನೆಯ ಬಡಿತಗಳು ಒಂದರೊಳಗೊಂದು ಕರಗಿಹೋಗುತ್ತವೆ. ರೆಕಾರ್ಡರಿನಲ್ಲಿ ಗದ್ದಲ ಕಡಿಮೆ ಮಾಡುವ ವ್ಯವಸ್ಥೆ ಇದ್ದರೆ ಬಂದ್ ಮಾಡಿ. ಮಾತನ್ನು ಉಳಿಸಿ ಮಿಕ್ಕದ್ದನ್ನು ಅಳಿಸುವುದು ಅದರ ಕೆಲಸ. ನಮಗೆ ಬೇಕಾದ ಟಕ್ ಸದ್ದನ್ನೇ ಅದು ಕಸವೆಂದು ತಿಳಿದು ತೆಗೆದುಹಾಕುತ್ತದೆ. ಚೆಂಡನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಎರಡನ್ನೂ ಒಟ್ಟಿಗೆ ತೆರೆಯಿರಿ. ಒಂದು ಬೆರಳು ತಡವಾದರೂ ಚೆಂಡು ತಿರುಗುತ್ತ ಬೀಳುತ್ತದೆ, ಮೊದಲ ಬಡಿತಕ್ಕೇ ಓರೆಯಾಗಿ ಹಾರುತ್ತದೆ. ಹತ್ತು ಪುಟಿತದೊಳಗೆ ಒಂದು ಗೇಣಿಗಿಂತ ಆಚೆ ಹೋದರೆ ಆ ಸರದಿ ಬಿಟ್ಟು ಇನ್ನೊಂದು ಮಾಡಿ.

ರೆಕಾರ್ಡಿಂಗನ್ನು ಆಡಾಸಿಟಿಯಂಥ ಉಚಿತ ತಂತ್ರಾಂಶದಲ್ಲಿ ತೆರೆದರೆ ಬಡಿತಗಳು ಬೇಲಿಯ ಗೂಟಗಳ ಹಾಗೆ ಸಾಲಾಗಿ ನಿಂತಿರುತ್ತವೆ. ಎಡದಲ್ಲಿ ದೂರದೂರ, ಬಲಕ್ಕೆ ಹೋದಂತೆ ಒತ್ತೊತ್ತಾಗಿ. ಹಿಗ್ಗಿಸಿ ನೋಡಿದಾಗ ಪ್ರತಿ ಗೂಟವೂ ಒಂದು ಚಿಕ್ಕ ಅಲೆಯ ಗುಂಪು. ಅದರಲ್ಲಿ ಎತ್ತರದ ಅಲೆ ಯಾವುದೆಂದು ಹುಡುಕಬೇಡಿ, ಅದು ಬಡಿತದಿಂದ ಬಡಿತಕ್ಕೆ ಬದಲಾಗುತ್ತದೆ. ಮೌನ ಮುರಿದು ಮೊದಲ ಅಲೆ ತಲೆಯೆತ್ತುವ ಜಾಗವನ್ನೇ ಪ್ರತಿ ಸಲವೂ ಗುರುತಿಸಿ. ಮೊದಲ ಹನ್ನೊಂದು ಬಡಿತಗಳ ಕಾಲ ಬರೆದುಕೊಂಡರೆ ಹತ್ತು ಅಂತರಗಳು ಸಿಗುತ್ತವೆ. ಇಷ್ಟು ತಾಳ್ಮೆ ಬೇಡವೆಂದರೆ ಜರ್ಮನಿಯ ಆಖೆನ್ ನಗರದ ಆರ್‌ಡಬ್ಲ್ಯುಟಿಎಚ್ ವಿಶ್ವವಿದ್ಯಾಲಯದವರು ಮಾಡಿದ ಫೈಫಾಕ್ಸ್ ಆ್ಯಪ್‌ನಲ್ಲಿ ಇದೇ ಪ್ರಯೋಗ ಸಿದ್ಧವಾಗಿದೆ. ಬಡಿತಗಳ ನಡುವಿನ ಕಾಲದಿಂದ ಎತ್ತರವನ್ನೂ ಉಳಿದ ಶಕ್ತಿಯನ್ನೂ ಅದೇ ತೋರಿಸುತ್ತದೆ. ಆದರೂ ಒಮ್ಮೆಯಾದರೂ ಕೈಯಾರೆ ಗುರುತು ಹಾಕಿ ನೋಡುವುದು ಒಳ್ಳೆಯದು ಎಂದು ನನ್ನ ಅನಿಸಿಕೆ. ಯಾವ ಬಡಿತ ಅನುಮಾನದ್ದು ಎಂಬುದು ಅಲೆಯ ಆಕಾರ ಕಂಡಾಗಲೇ ತಿಳಿಯುವುದು.

ಈಗ ‘ಗ’ ಹೇಗೆ ತೆಗೆಯಬೇಕು? ಎರಡನೇ ಅಂತರವನ್ನು ಮೊದಲನೆಯದರಿಂದ ಭಾಗಿಸಿದರೆ ಸಿಗುತ್ತದೆ, ಆದರೆ ಗುರುತು ಒಂದು ಮಿಲಿಸೆಕೆಂಡು ತಪ್ಪಿದರೂ ಉತ್ತರ 0.003ರಷ್ಟು ಅಲುಗುತ್ತದೆ. ಹತ್ತನೇ ಅಂತರವನ್ನು ಮೊದಲನೆಯದರಿಂದ ಭಾಗಿಸಿ ಒಂಬತ್ತನೇ ಮೂಲ ತೆಗೆಯಿರಿ. ಹತ್ತನೇ ಅಂತರ ಕೇವಲ 131 ಮಿಲಿಸೆಕೆಂಡು ಇರುವುದರಿಂದ ಅದರ ಮೇಲಿನ ತಪ್ಪು ಶೇಕಡಾವಾರು ಲೆಕ್ಕದಲ್ಲಿ ದೊಡ್ಡದೇ. ಆದರೆ ಒಂಬತ್ತನೇ ಮೂಲ ಆ ತಪ್ಪನ್ನೂ ಒಂಬತ್ತು ಪಾಲು ಮಾಡುತ್ತದೆ, ಉತ್ತರ 0.001ಕ್ಕಿಂತ ಕಡಿಮೆ ಅಲುಗುತ್ತದೆ. ಇದಕ್ಕಿಂತಲೂ ಒಳ್ಳೆಯದು ಎಕ್ಸೆಲ್‌ನಲ್ಲಿ ಎಲ್ಲ ಅಂತರಗಳ ಸ್ವಾಭಾವಿಕ ಲಾಗರಿತಮ್ ತೆಗೆದು, ಪುಟಿತದ ಸಂಖ್ಯೆಗೆ ಎದುರಾಗಿ ನಕ್ಷೆ ಬರೆಯುವುದು. ಗುಣೋತ್ತರ ಶ್ರೇಢಿಯ ಲಾಗರಿತಮ್ ಸಮಾಂತರ ಶ್ರೇಢಿ, ಹಾಗಾಗಿ ಬಿಂದುಗಳು ಸರಳರೇಖೆಯ ಮೇಲೆ ಕೂರುತ್ತವೆ. ನಮ್ಮ ಉದಾಹರಣೆಯಲ್ಲಿ ರೇಖೆಯ ಇಳಿಜಾರು −0.133. ಪ್ರತಿಲಾಗ ತೆಗೆದರೆ 0.876. ಇಷ್ಟರಲ್ಲಿ ಎಲ್ಲಿಯೂ ಗುರುತ್ವ ವೇಗೋತ್ಕರ್ಷವಾಗಲಿ, ಬಿಟ್ಟ ಎತ್ತರವಾಗಲಿ ಬಂದಿಲ್ಲ ಎಂಬುದನ್ನು ಗಮನಿಸಿ.

ಬರಿ ಸ್ಟಾಪ್‌ವಾಚ್ ಇದ್ದರೆ

ಒಟ್ಟು ಕಾಲದ ಸೂತ್ರವನ್ನು ತಿರುಗಿಸಿ ಬರೆದರೆ: ಗ = (ಒಟ್ಟು ಕಾಲ − ಮೊದಲ ಬೀಳಿನ ಕಾಲ) ÷ (ಒಟ್ಟು ಕಾಲ + ಮೊದಲ ಬೀಳಿನ ಕಾಲ). ಮೊದಲ ಬೀಳಿನ ಕಾಲ ಎತ್ತರದಿಂದಲೇ ಗೊತ್ತು. ಒಂದು ಮೀಟರಿಗೆ 0.452 ಸೆಕೆಂಡು.

ಟೆನಿಸ್ ಚೆಂಡಿಗೆ ಇದನ್ನು ಹಚ್ಚಿ ನೋಡಿ. ಅಂತರರಾಷ್ಟ್ರೀಯ ನಿಯಮದ ಪ್ರಕಾರ 254 ಸೆಂ.ಮೀ.ನಿಂದ ಬಿಟ್ಟ ಟೆನಿಸ್ ಚೆಂಡು 135ರಿಂದ 147 ಸೆಂ.ಮೀ. ಪುಟಿಯಬೇಕು. ಅದರಂತೆ ‘ಗ’ 0.73ರಿಂದ 0.76. ನಡುವಿನ 0.745 ಹಿಡಿದರೆ ಒಂದು ಮೀಟರಿನಿಂದ ಬಿಟ್ಟ ಚೆಂಡು 3.09 ಸೆಕೆಂಡಿನಲ್ಲಿ ನಿಲ್ಲಬೇಕು. ಸ್ಟಾಪ್‌ವಾಚ್ ಒತ್ತುವಾಗ ಕೈ 0.2 ಸೆಕೆಂಡು ತಡವಾಯಿತು ಎಂದಿಟ್ಟುಕೊಳ್ಳಿ, 3.29 ಎಂದು ಓದಿದಿರಿ. ‘ಗ’ 0.758 ಬರುತ್ತದೆ. ಕಾಲದಲ್ಲಿ ಶೇಕಡಾ 6ಕ್ಕಿಂತ ಹೆಚ್ಚು ತಪ್ಪಿದರೂ ಗುಣಾಂಕದಲ್ಲಿ ಶೇಕಡಾ 2 ದಾಟಲಿಲ್ಲ. ಸಲಕರಣೆ ಇಲ್ಲದ ಶಾಲೆಗೆ ಇದಕ್ಕಿಂತ ಗಟ್ಟಿಮುಟ್ಟಾದ ಪ್ರಯೋಗ ಸಿಗುವುದು ಕಷ್ಟ. ಐದು ಸಲ ಮಾಡಿ ಸರಾಸರಿ ತೆಗೆದರೆ ಹಳೆಯ, ಗಾಳಿ ಇಳಿದ ಚೆಂಡಿಗೂ ಹೊಸದಕ್ಕೂ ಇರುವ ವ್ಯತ್ಯಾಸ ಸ್ಪಷ್ಟವಾಗಿ ಕಾಣುತ್ತದೆ.

ಅನುಪಾತ ಮಾತು ತಪ್ಪುವಾಗ

ಎಲ್ಲ ಅನುಪಾತಗಳೂ ಒಂದೇ ಬಂದರೆ ಸಂತೋಷ. ಬರದಿದ್ದರೆ ಪಟ್ಟಿಯನ್ನು ಇನ್ನೊಮ್ಮೆ ನೋಡಿ, ಯಾವ ದಿಕ್ಕಿಗೆ ಜಾರುತ್ತಿದೆ ಎಂಬುದು ಕಾರಣವನ್ನು ಹೇಳುತ್ತದೆ.

ಎತ್ತರ ಅಳೆದವರ ಪಟ್ಟಿಯಲ್ಲಿ ಅನುಪಾತ ಹೀಗೆ ಬಂದಿದೆ ಎನ್ನೋಣ: 0.794, 0.801, 0.810. ಸ್ವಲ್ಪಸ್ವಲ್ಪವೇ ಏರುತ್ತಿದೆ. ಚೆಂಡಿನ ತಳದ ಬದಲು ನೆತ್ತಿಯನ್ನು ನೋಡಿ ಓದಿದ್ದಾರೆ. ಟೇಬಲ್ ಟೆನಿಸ್ ಚೆಂಡಿನ ವ್ಯಾಸ 40 ಮಿ.ಮೀ. ಆದ್ದರಿಂದ 30, 23, 17.6 ಬರಬೇಕಾದ ಕಡೆ 34, 27, 21.6 ಬಂದಿದೆ. ಗುಣೋತ್ತರ ಶ್ರೇಢಿಯ ಎಲ್ಲ ಪದಗಳಿಗೂ ಒಂದೇ ಸಂಖ್ಯೆ ಕೂಡಿಸಿದರೆ ಅದು ಗುಣೋತ್ತರ ಶ್ರೇಢಿಯಾಗಿ ಉಳಿಯುವುದಿಲ್ಲ. ತಳದಿಂದ ನೆಲಕ್ಕೆ ಎಷ್ಟು ದೂರ, ಅದನ್ನೇ ಅಳೆಯಬೇಕು.

ಸದ್ದಿನಿಂದ ಅಳೆದಾಗಲೂ ಅನುಪಾತ ಏರುತ್ತಿದ್ದರೆ ಅದು ಅಳತೆಯ ತಪ್ಪಲ್ಲ, ಗಾಳಿ. ಟೇಬಲ್ ಟೆನಿಸ್ ಚೆಂಡು ತನ್ನ ಗಾತ್ರಕ್ಕೆ ತೀರಾ ಹಗುರ. ಗಾಳಿಯ ತಡೆ ಅದರ ತೂಕಕ್ಕೆ ಸಮನಾಗುವ ವೇಗವನ್ನು ಲೆಕ್ಕ ಹಾಕಿದರೆ ಸೆಕೆಂಡಿಗೆ ಎಂಟೂವರೆ ಮೀಟರಿನ ಆಸುಪಾಸು ಬರುತ್ತದೆ. 30 ಸೆಂ.ಮೀ. ಬಿದ್ದಾಗ ಚೆಂಡಿನ ವೇಗ 2.4 ಮೀಟರ್. ಇಷ್ಟರಲ್ಲೇ ಇಳಿಯುವಾಗ ಶೇಕಡಾ 4, ಏರುವಾಗ ಶೇಕಡಾ 3ರಷ್ಟು ಶಕ್ತಿಯನ್ನು ಗಾಳಿ ತೆಗೆದುಕೊಂಡಿರುತ್ತದೆ. ನಿಯಮಾವಳಿಯ 23/30ರಲ್ಲಿ ಕಾಣೆಯಾದ ಶೇಕಡಾ 23ರಲ್ಲಿ ಮೂರನೇ ಒಂದು ಭಾಗದ ಹತ್ತಿರ ಮೇಜಿನ ಪಾಲಲ್ಲ, ಗಾಳಿಯ ಪಾಲು! ಮೇಜಿನ ಬಡಿತದ ನಿಜವಾದ ‘ಗ’ 0.876 ಅಲ್ಲ, 0.91ರ ಹತ್ತಿರ. ಪುಟಿತ ತಗ್ಗಿದಂತೆ ವೇಗ ತಗ್ಗುತ್ತದೆ, ಗಾಳಿಯ ಪಾಲು ಕಿರಿದಾಗುತ್ತದೆ. 5 ಸೆಂ.ಮೀ. ಎತ್ತರಕ್ಕೆ ಬರುವಷ್ಟರಲ್ಲಿ ಎತ್ತರದ ಅನುಪಾತ 0.767ರಿಂದ 0.81ಕ್ಕೆ ಏರಿರುತ್ತದೆ. ಮೇಲೆ ಹಾಕಿದ 3.73 ಸೆಕೆಂಡಿಗಿಂತ ನಿಜವಾದ ಚೆಂಡು ಇನ್ನಷ್ಟು ಹೊತ್ತು ಪುಟಿಯುವುದಕ್ಕೆ ಇದೇ ಕಾರಣ.

ಲಾಗರಿತಮ್ ನಕ್ಷೆಯಲ್ಲಿ ಇದು ಕಾಣುವ ಬಗೆ ಚೆನ್ನಾಗಿದೆ. ಮೊದಲ ನಾಲ್ಕಾರು ಬಿಂದುಗಳು ಕಡಿದಾಗಿ ಇಳಿದು, ಆಮೇಲೆ ರೇಖೆ ನೇರವಾಗುತ್ತದೆ. ಆ ನೇರವಾದ ಭಾಗದ ಇಳಿಜಾರನ್ನು ತೆಗೆದುಕೊಂಡರೆ ಬರಿ ನೆಲದ ಗುಣಾಂಕ ಸಿಗುತ್ತದೆ. ಹೆಚ್ಚು ಪುಟಿತ ಸಿಗಲಿ ಎಂದು ಎರಡು ಮೀಟರ್ ಎತ್ತರದಿಂದ ಬಿಡುವವರಿದ್ದಾರೆ. ಹಾಗೆ ಬಿಟ್ಟರೆ ಮೊದಲ ಬೀಳಿನಲ್ಲೇ ಶೇಕಡಾ 23ರಷ್ಟು ಶಕ್ತಿ ಗಾಳಿಗೆ ಹೋಗುತ್ತದೆ, ಮೊದಲ ಅಂಕಿಗಳು ಯಾವ ಶ್ರೇಢಿಗೂ ಸೇರುವುದಿಲ್ಲ. ಗಾಳಿಯ ಕಾಟವೇ ಬೇಡವೆಂದರೆ ಗಾಲ್ಫ್ ಚೆಂಡು ಹುಡುಕಿ. ಗಾತ್ರ ಹೆಚ್ಚುಕಡಿಮೆ ಅಷ್ಟೇ, ಸುಮಾರು 43 ಮಿ.ಮೀ., ತೂಕ ಮಾತ್ರ 46 ಗ್ರಾಂ ಹತ್ತಿರ, ಹದಿನೇಳು ಪಟ್ಟು. ಗಾಜಿನ ಗೋಲಿಯೂ ಪರವಾಗಿಲ್ಲ, ಆದರೆ ಪೂರ್ತಿ ದುಂಡಗಿರುವ ಗೋಲಿ ಸಿಗುವುದು ಅಪರೂಪ, ಹಾರಿ ಎತ್ತಲೋ ಹೋಗುತ್ತದೆ.

ಸದ್ದಿನ ಕಾಲದಿಂದ ಎತ್ತರ ಲೆಕ್ಕ ಹಾಕುವವರಿಗೆ ಇನ್ನೊಂದು ಸಣ್ಣ ಎಚ್ಚರಿಕೆ. ಟೇಬಲ್ ಟೆನಿಸ್ ಚೆಂಡು ಆಕ್ರಮಿಸುವ ಗಾಳಿಯ ತೂಕವೇ ಚೆಂಡಿನ ತೂಕದ ಶೇಕಡಾ ಒಂದೂವರೆಯಷ್ಟಿದೆ. ಅಷ್ಟು ತೇಲುಬಲ ಮೇಲಕ್ಕೆ ಎತ್ತುತ್ತಿರುತ್ತದೆ. ಹಾಗಾಗಿ 9.78 ಹಾಕಿ ತೆಗೆದ ಎತ್ತರ ನಿಜಕ್ಕಿಂತ ಸುಮಾರು ಶೇಕಡಾ 2 ಹೆಚ್ಚು ತೋರಿಸುತ್ತದೆ. ಅನುಪಾತದಲ್ಲಿ ಇದು ಮೇಲೂ ಕೆಳಗೂ ಹೊಡೆದುಹೋಗುತ್ತದೆ.

ಓರೆಯಾಗಿ ಎಸೆದ ಚೆಂಡಿನ ಹೆಜ್ಜೆಗಳನ್ನು ಅಳೆಯುವವರು ಮೊದಲ ಜಿಗಿತವನ್ನು ಲೆಕ್ಕಕ್ಕೆ ಹಿಡಿಯಬಾರದು. ತಿರುಗದೆ ಬಂದ ಚೆಂಡಿನ ಅಡ್ಡವೇಗವನ್ನು ನೆಲದ ಘರ್ಷಣೆ ಮೊದಲ ಬಡಿತದಲ್ಲೇ ಕತ್ತರಿಸಿ ಅದನ್ನು ಉರುಳಿಸುತ್ತದೆ. ಘನ ಗುಂಡಿಗೆ 5/7 ಉಳಿಯುತ್ತದೆ, ತೆಳು ಚಿಪ್ಪಿನ ಟೊಳ್ಳು ಚೆಂಡಿಗೆ 3/5. ಅಲ್ಲಿಂದ ಮುಂದಿನ ಜಿಗಿತಗಳ ಉದ್ದ ‘ಗ’ ಅನುಪಾತದಲ್ಲಿ ಇಳಿಯುತ್ತದೆ.

ಗಾಳಿಯೇ ಇಲ್ಲದ ಕೋಣೆಯಲ್ಲಿ ಮಾಡಿದರೂ ‘ಗ’ ಅಚ್ಚುಕಟ್ಟಾಗಿ ಒಂದೇ ಇರುವುದಿಲ್ಲ. ಬಡಿತ ಜೋರಾದಷ್ಟೂ ಚೆಂಡು ಹೆಚ್ಚು ಅಪ್ಪಚ್ಚಿಯಾಗುತ್ತದೆ, ಒಳಗಿನ ಉಜ್ಜಾಟದಲ್ಲಿ ಹೆಚ್ಚು ಪಾಲು ಶಾಖವಾಗುತ್ತದೆ. ಹೆಚ್ಚಿನ ಚೆಂಡುಗಳಿಗೆ ಮೆಲ್ಲನೆ ಬಿದ್ದಾಗ ‘ಗ’ ತುಸು ಹೆಚ್ಚು. ರಬ್ಬರಿನದಾದರೆ ಬಿಸಿಯಾದಷ್ಟೂ ಪುಟಿಯುತ್ತದೆ. ಸ್ಕ್ವಾಷ್ ಆಟಗಾರರು ಆಟಕ್ಕೆ ಮುನ್ನ ಚೆಂಡನ್ನು ಗೋಡೆಗೆ ಹೊಡೆದು ಹೊಡೆದು ಬಿಸಿ ಮಾಡಿಕೊಳ್ಳುವುದು ಇದಕ್ಕೇ. ನ್ಯೂಟನ್ನನ ನಿಯಮ ಪ್ರಯೋಗದಿಂದ ಬಂದದ್ದು ಎಂದು ಮೊದಲೇ ಹೇಳಿದ್ದರ ಅರ್ಥ ಇದು: ಅದು ವಸ್ತುವಿನ ಸ್ವಭಾವ, ಸಾಕಷ್ಟು ನಿಖರವಾದ ಅಂದಾಜು.

ಉಳಿದದ್ದು ಅನಂತದ ಪ್ರಶ್ನೆ. ಸೂತ್ರದ ಪ್ರಕಾರ ಚೆಂಡು 3.73 ಸೆಕೆಂಡಿನೊಳಗೆ ಅನಂತ ಸಲ ಪುಟಿಯಬೇಕು. ನಿಜವಾಗಿ ಎಲ್ಲಿಗೆ ನಿಲ್ಲುತ್ತದೆ? 24ನೇ ಅಂತರದ ಹೊತ್ತಿಗೆ ಬಡಿತಗಳ ನಡುವೆ 20 ಮಿಲಿಸೆಕೆಂಡು ಉಳಿಯುತ್ತದೆ, ಸೆಕೆಂಡಿಗೆ 50 ಬಡಿತ. ಕಿವಿಗೆ ಅವು ಬಿಡಿ ಸದ್ದುಗಳಾಗಿ ಕೇಳುವುದಿಲ್ಲ, ಏರುತ್ತಿರುವ ಒಂದು ಸ್ವರವಾಗಿ ಕೇಳುತ್ತದೆ. ಕೊನೆಯ ಆ ಟರ್ರ್ ಇದೇ, ಇಡೀ 0.16 ಸೆಕೆಂಡು. 41ನೇ ಅಂತರ ಕೇವಲ 2.1 ಮಿಲಿಸೆಕೆಂಡು, ಆ ಜಿಗಿತದ ಎತ್ತರ ಮಿಲಿಮೀಟರಿನ ಇನ್ನೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು, ತಲೆಗೂದಲಿನ ದಪ್ಪಕ್ಕಿಂತ ಎಷ್ಟೋ ಕಡಿಮೆ. ಟೇಬಲ್ ಟೆನಿಸ್ ಚೆಂಡು ಪ್ರತಿ ಬಡಿತದಲ್ಲಿ ನೆಲಕ್ಕೆ ಅಂಟಿಕೊಂಡಿರುವುದೇ ಸುಮಾರು ಒಂದು ಮಿಲಿಸೆಕೆಂಡು. ಗಾಳಿಯಲ್ಲಿರುವ ಹೊತ್ತೂ ನೆಲದ ಮೇಲಿರುವ ಹೊತ್ತೂ ಒಂದೇ ಅಳತೆಗೆ ಬಂದ ಮೇಲೆ ಅದು ಪುಟಿಯುವುದಿಲ್ಲ, ನೆಲ ಬಿಡದೆ ನಿಂತಲ್ಲೇ ನಡುಗಿ ತಣ್ಣಗಾಗುತ್ತದೆ. 41ನೆಯದರ ಆಚೆಗಿನ ಎಲ್ಲ ಪುಟಿತಗಳಿಗೂ ಸೇರಿ ಸೂತ್ರ ಇಟ್ಟಿರುವ ಕಾಲ 15 ಮಿಲಿಸೆಕೆಂಡು. ಅನಂತದವರೆಗೆ ಕೂಡಿಸಿದ ಉತ್ತರ ಸ್ಟಾಪ್‌ವಾಚಿಗೆ ಸರಿಹೊಂದುವುದು ಹೀಗೆ, ಬಿಟ್ಟುಹೋದ ಬಾಲ ಬೆರಳು ಒತ್ತುವ ತಡಕ್ಕಿಂತ ಚಿಕ್ಕದು.